ಆರು, ಒಂಬತ್ತು, ಹನ್ನೆರಡು, ಹದಿನೈದು

4 ಅಕ್ಟೋಬರ್ 2022, ಮಂಗಳವಾರ, ಲಂಡನ್

ಆಯುಧ ಪೂಜೆ. ಇಲ್ಲಿ ರಜೆ ಎಲ್ಲಿಂದ ಬರಬೇಕು, ಆಫೀಸು ಮುಗಿಸಿ ಬಂದ ಮೇಲೆ ಸಂಜೆ ಪೂಜೆ. ಕಾರಿನ ಕೀಲಿ, ಲ್ಯಾಪ್‌ಟಾಪು, ಹೊಲಿಗೆ ಮಷೀನು ಸಾಲಾಗಿ ಕೂತಿದ್ದವು. ಮಗಳು ನನ್ನ ಸ್ಪೈಕ್ಸ್ ಡಬ್ಬಿಯನ್ನೂ ತಂದು ಆ ಸಾಲಿಗೆ ಸೇರಿಸಿದಳು. ಹಳೇ ಮಾತ್ರೆ ಡಬ್ಬಿ ಅದು. ನಾಲ್ಕು ಖಾನೆಯಲ್ಲಿ ಓಟದ ಶೂವಿನ ಅಟ್ಟೆಗೆ ತಿರುಪುವ ನಾಲ್ಕು ಅಳತೆಯ ಪಿನ್ನು: 6, 9, 12, 15 ಮಿಲಿಮೀಟರು. ಜೊತೆಗೆ ತಿರುಪು ಬಿಗಿಯುವ ಪುಟ್ಟ ಸ್ಪ್ಯಾನರು, ಪಿನ್ನು ಹಾಕದ ತೂತಿಗೆ ಮಣ್ಣು ಹೊಗದಂತೆ ಮುಚ್ಚುವ ಚಪ್ಪಟೆ ಬಿರಡೆಗಳು. "ಇದು ಆಯುಧ ಹೆಂಗ ಆಗತದ?" ಎಂದು ಹೆಂಡತಿ ಕೇಳಿದಳು. ಹೋದ ವರ್ಷ ಓಟದ ನೂಕುನುಗ್ಗಲಿನಲ್ಲಿ ಯಾರದೋ ಪಿನ್ನು ನನ್ನ ಮೀನಖಂಡದ ಮೇಲೆ ಎಳೆದ ಗೆರೆ ಇನ್ನೂ ಇದೆ, ಅದನ್ನು ತೋರಿಸಿದೆ. ಮಾತಿಲ್ಲದೆ ಡಬ್ಬಿಗೂ ಕುಂಕುಮ ಹಚ್ಚಿದಳು.

ಶನಿವಾರದಿಂದ ಗುಡ್ಡಗಾಡು ಓಟದ ಋತು ಶುರು. ನೆಲ ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ. ಜುಲೈ 19ರಂದು ಲಿಂಕನ್‌ಶೈರಿನಲ್ಲಿ 40.3 ಡಿಗ್ರಿ ಮುಟ್ಟಿತು, ಆಗಸ್ಟಿನಲ್ಲಿ ಬರ ಘೋಷಣೆಯಾಯಿತು. ಅದರ ಫಲವೆಲ್ಲ ಈಗ ಕಡತವಾಗಿ ನನ್ನ ಮೇಜಿಗೆ ಬರುತ್ತಿದೆ. ಲಂಡನ್ನಿನ ಜೇಡಿಮಣ್ಣು ಒಣಗಿ ಕುಗ್ಗಿದಾಗ ಅದರ ಮೇಲಿನ ಮನೆಗಳ ಪಾಯ ಎಷ್ಟು ಇಳಿಯಿತು, ಗೋಡೆ ಯಾಕೆ ಸೀಳಿತು ಎಂದು ನೋಡುವುದೇ ನನ್ನ ಕೆಲಸ. ವಾರವೆಲ್ಲ ಈ ಮಣ್ಣಿಗೆ ಜನ ಶಾಪ ಹಾಕುವುದನ್ನು ಕೇಳುತ್ತೇನೆ, ವಾರಾಂತ್ಯಕ್ಕೆ ಅದರ ಮೇಲೆಯೇ ಓಡುತ್ತೇನೆ.

8 ಅಕ್ಟೋಬರ್, ಶನಿವಾರ

ವಿಂಬಲ್ಡನ್ ಕಾಮನ್. ಟೆನಿಸ್ಸಿನ ಹುಲ್ಲು ಇಲ್ಲಿಂದ ದೂರವೇನಲ್ಲ, ಆದರೆ ಆ ಹುಲ್ಲಿಗೂ ಈ ನೆಲಕ್ಕೂ ನೆಂಟಸ್ತಿಕೆಯಿಲ್ಲ. ಕಾಮನ್ನಿನ ಎತ್ತರದ ಭಾಗವೆಲ್ಲ ಹಿಮಯುಗದ ನದಿ ಹಾಸಿಹೋದ ಗರಸು. ಅದರ ಕೆಳಗೆ ಜೇಡಿ. ಮೇಲೆ ಉರುಟು ಕಲ್ಲು, ಒಣಗಿದ ಹುಲ್ಲು, ಮರದ ಬೇರು.

ಇಂಥ ಕಡೆ ಪಿನ್ನು ಬೇಕೇ ಬೇಕು ಎನ್ನುವವರು ನಮ್ಮ ಕ್ಲಬ್ಬಿನಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪಿನ್ನು ಕೆಲಸಕ್ಕೆ ಬರುವುದು ಮಣ್ಣಿನೊಳಗೆ ಇಳಿದಾಗ ಮಾತ್ರ. ಇಳಿಯದಿದ್ದರೆ ಇಡೀ ಮೈಭಾರ ಆರು ಚುಕ್ಕೆಗಳ ಮೇಲೆ ನಿಲ್ಲುತ್ತದೆ, ಅಂಗಾಲಿನ ಮುಂಭಾಗಕ್ಕೆ ಕೆಳಗಿನಿಂದ ಒತ್ತುತ್ತದೆ, ಕಲ್ಲಿಗೆ ತಗುಲಿದರೆ ಕಣಕಾಲು ಹೊರಳುತ್ತದೆ. ಪಿನ್ನು ಮೊಂಡಾಗುವುದು ಬೇರೆ ಲೆಕ್ಕ. ಒಣ ನೆಲ, ಆದರೆ ಹುಲ್ಲು ದಟ್ಟವಾಗಿದೆ ಎಂದರೆ 6ರದ್ದು ಸಾಕು. ಗರಸು ಬಂತೆಂದರೆ ರಬ್ಬರಿನ ಗುಬ್ಬಿಯಿರುವ ಟ್ರೇಲ್ ಶೂನೇ ಲೇಸು. ಇವತ್ತು ಅದನ್ನೇ ಹಾಕಿದೆ. ನಲವತ್ತು ದಾಟಿದವನ ಮೀನಖಂಡಕ್ಕೂ ಅದು ಒಳ್ಳೆಯದು. ಸ್ಪೈಕ್ಸಿನ ಹಿಮ್ಮಡಿ ತಗ್ಗು, ಗಟ್ಟಿ ನೆಲದಲ್ಲಿ ಪ್ರತಿ ಹೆಜ್ಜೆಯೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೆ ಹೋಗಿ ಮುಟ್ಟುತ್ತದೆ.

ಈ ಆಟ ಬೆಳೆದದ್ದೇ ಈ ಸೀಮೆಯಲ್ಲಿ. ರೋಹ್ಯಾಂಪ್ಟನ್ನಿನಲ್ಲಿ 1868ರಲ್ಲಿ ಹುಟ್ಟಿದ ಥೇಮ್ಸ್ ಹೇರ್ ಅಂಡ್ ಹೌಂಡ್ಸ್ ಜಗತ್ತಿನ ಅತಿ ಹಳೆಯ ಗುಡ್ಡಗಾಡು ಓಟದ ಕ್ಲಬ್ಬು ಎಂದು ಹೇಳಿಕೊಳ್ಳುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ಸ್ಪರ್ಧೆಯನ್ನು ಮೊದಲ ಸಲ 1876ರಲ್ಲಿ ಎಪಿಂಗ್ ಕಾಡಿನಲ್ಲಿ ಇಟ್ಟರಂತೆ. ಓಡಿದವರೆಲ್ಲ ದಾರಿ ತಪ್ಪಿ ಫಲಿತಾಂಶವನ್ನೇ ರದ್ದು ಮಾಡಿ, ಮರುವರ್ಷದಿಂದ ಲೆಕ್ಕ ಹಿಡಿದರು. ನಾನು ಧಾರವಾಡದಲ್ಲಿ ಓದುವಾಗ ಓಡಿದ ಅಂತರ ಕಾಲೇಜು ಗುಡ್ಡಗಾಡು ಓಟದಲ್ಲಿ ದಾರಿ ತಪ್ಪುವ ಭಯವಿರಲಿಲ್ಲ. ಅದರಲ್ಲಿ ಗುಡ್ಡವೂ ಇರಲಿಲ್ಲ, ಕಾಡೂ ಇರಲಿಲ್ಲ, ಬೆಳಗಿನ ಡಾಂಬರು ರಸ್ತೆ ಮಾತ್ರ ಇತ್ತು. ಅರ್ಧ ಜನ ಬರಿಗಾಲು. ಸ್ಪೈಕ್ಸ್ ಎಂಬುದು ನೂರು ಮೀಟರು ಓಡುವವರ ಐಶ್ವರ್ಯ ಎಂದೇ ತಿಳಿದಿದ್ದೆವು.

23 ಅಕ್ಟೋಬರ್, ಭಾನುವಾರ

ಮಗಳಿಗೆ ಶೂ ತರಲು ಹೋಗಿದ್ದೆವು. ನಾಳೆ ದೀಪಾವಳಿ, ಹೊಸ ಬಟ್ಟೆಯ ಬದಲು ಇದೇ ಇರಲಿ ಎಂದು ಅವಳೇ ಅಂದಳು.

ಬೇಸಿಗೆಯಲ್ಲಿ ಟ್ರ್ಯಾಕಿಗೆ ಕೊಡಿಸಿದ ಸ್ಪೈಕ್ಸ್ ಇದೆ, ಅದನ್ನೇ ಯಾಕೆ ಹಾಕಬಾರದು ಎಂಬುದು ಹೆಂಡತಿಯ ನ್ಯಾಯವಾದ ಪ್ರಶ್ನೆ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ. ಟ್ರ್ಯಾಕಿನದರ ಅಟ್ಟೆಯ ಮುಂಭಾಗ ಬಿರುಸು ಪ್ಲಾಸ್ಟಿಕ್ ಹಲಗೆ. ಬಗ್ಗುವುದಿಲ್ಲ, ಒದೆದ ಶಕ್ತಿಯನ್ನು ವಾಪಸು ಕೊಡುತ್ತದೆ. ಒದ್ದೆ ಇಳಿಜಾರಿನಲ್ಲಿ ಅದೇ ಹಲಗೆ ಜಾರುಬಂಡೆ. ಮೇಲಿನ ಬಲೆ ಬಟ್ಟೆಯೂ ಸೊಳ್ಳೆಪರದೆಯಷ್ಟು ತೆಳು, ಕೆಸರು ನೇರ ಒಳಗೆ. ಗುಡ್ಡಗಾಡಿನದಕ್ಕೆ ರಬ್ಬರಿನ ಅಟ್ಟೆ, ಪಿನ್ನುಗಳ ನಡುವೆ ರಬ್ಬರಿನದೇ ಹಲ್ಲು, ಹಿಮ್ಮಡಿಗೆ ಒಂದಿಷ್ಟು ಮೆತ್ತೆ, ಗಟ್ಟಿ ಮೇಲ್ಬಟ್ಟೆ. ನಿಯಮವೂ ಬೇರೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಪಿನ್ನು 9 ಮಿ.ಮೀ. ದಾಟುವಂತಿಲ್ಲ, ಎತ್ತರ ಜಿಗಿತಕ್ಕೂ ಜಾವೆಲಿನ್ನಿಗೂ ಮಾತ್ರ 12. ಮಣ್ಣಿನ ನೆಲದಲ್ಲಿ 25ರವರೆಗೂ ಬಿಡುತ್ತಾರೆ. 25 ಹಾಕಿದವರನ್ನು ನಾನಂತೂ ಕಂಡಿಲ್ಲ.

ಅಂಗಡಿಯ ಹುಡುಗ ಅವಳ ಮಾಮೂಲಿ ಅಳತೆಗಿಂತ ಒಂದು ಅಳತೆ ದೊಡ್ಡದನ್ನೇ ಮತ್ತೆ ಮತ್ತೆ ಮುಂದೆ ಮಾಡುತ್ತಿದ್ದ. ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗುತ್ತದೆ ಎಂದು. ಶಾಲೆಯ ಬೂಟಿಗೆ ಆ ಮಾತು ಸರಿ, ಇದಕ್ಕಲ್ಲ. ತೆಳು ಕಾಲುಚೀಲ ಹಾಕಿ, ಹಿಮ್ಮಡಿ ಅಲುಗಾಡದಷ್ಟು ಬಿಗಿ ಇರಬೇಕು. ಸಡಿಲ ಶೂವನ್ನು ಕೆಸರು ಕಾಲಿನಿಂದ ಬಿಚ್ಚಿಕೊಂಡು ತಾನೇ ಇಟ್ಟುಕೊಳ್ಳುತ್ತದೆ.

ಪಿನ್ನೇ ಇಲ್ಲದ ಫೆಲ್ ಶೂ ಕೂಡ ನೋಡಿದೆವು. ಉತ್ತರ ಇಂಗ್ಲೆಂಡಿನ ಬೆಟ್ಟ ಓಡುವವರದು ಅದು, ಅಟ್ಟೆಯ ತುಂಬ ಉದ್ದುದ್ದ ರಬ್ಬರು ಹಲ್ಲು. ನಡುನಡುವೆ ಡಾಂಬರು ದಾರಿ ದಾಟುವ ಓಟಕ್ಕೆ ಅದು ಜಾಣತನ. ಹಿಂದೆ ಇದನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದ ಊರು ಬೋಲ್ಟನ್. ಜೋಸೆಫ್ ವಿಲಿಯಂ ಫಾಸ್ಟರ್ ಎಂಬ ಚಮ್ಮಾರ 1890ರ ದಶಕದಲ್ಲಿ ಅಲ್ಲಿ ಓಟದ ಬೂಟಿಗೆ ಮೊಳೆ ಬಡಿಯಲು ಶುರುಮಾಡಿದ. ಅವನ ಮೊಮ್ಮಕ್ಕಳು 1958ರಲ್ಲಿ ಬೇರೆಯಾಗಿ ಕಟ್ಟಿದ ಕಂಪನಿಯೇ ಮುಂದೆ ರೀಬಾಕ್ ಆಯಿತು. ಅದೇ ಫಾಸ್ಟರ್ ಅಂಗಡಿಯಲ್ಲಿ ಕಸುಬು ಕಲಿತ ನಾರ್ಮನ್ ವಾಲ್ಷ್ ಫೆಲ್ ಶೂಗಳಿಗೆ ಹೆಸರಾದ. ಒಂದೇ ಅಂಗಡಿಯಿಂದ ಒಬ್ಬರು ಜಗತ್ತಿಗೆ ಹೊರಟರು, ಇನ್ನೊಬ್ಬ ಬೆಟ್ಟಕ್ಕೆ ಹೋದ. ನನ್ನ ಒಲವು ಬೆಟ್ಟದವನ ಕಡೆ.

ಅವಳು ಆರಿಸಿದ್ದು ಕಿತ್ತಳೆ ಬಣ್ಣದ, ಆರು ಪಿನ್ನಿನ ಜೋಡಿ. ಬಣ್ಣ ನೋಡಿಯೇ ಆರಿಸಿದಳು. ಅಟ್ಟೆಯೂ ಚೆನ್ನಾಗಿದೆ, ಆದ್ದರಿಂದ ಸುಮ್ಮನಿದ್ದೆ.

12 ನವೆಂಬರ್, ಶನಿವಾರ

ಹ್ಯಾಂಪ್‌ಸ್ಟೆಡ್ ಹೀತ್‌ನ ಪಾರ್ಲಿಮೆಂಟ್ ಹಿಲ್. ತಿಂಗಳ ಆರಂಭದಿಂದ ಸುರಿದ ಮಳೆ ನಿಂತು ಈಗ ಎರಡು ಮೂರು ದಿನದಿಂದ ಬೆಚ್ಚಗಿನ ಬಿಸಿಲು. ಎಲ್ಲರೂ ಖುಷಿಯಲ್ಲಿದ್ದರು: ನೆಲ ಒಣಗುತ್ತಿದೆ, 9ರದ್ದು ಸಾಕು. ನನಗೆ ಹೆದರಿಕೆಯಾದದ್ದೇ ಆ ಬಿಸಿಲಿನಿಂದ.

ಹ್ಯಾಂಪ್‌ಸ್ಟೆಡ್ ಹೀತ್‌ನ ನೆತ್ತಿಯಲ್ಲಿ ಇರುವುದು ಮರಳು, ಕೆಳಗೆ ಲಂಡನ್ ಜೇಡಿ. ಮಳೆ ನೀರು ಮರಳಿನಲ್ಲಿ ಸಲೀಸಾಗಿ ಇಳಿಯುತ್ತದೆ, ಜೇಡಿ ಸಿಕ್ಕಲ್ಲಿ ಮುಂದೆ ದಾರಿಯಿಲ್ಲದೆ ಪಕ್ಕಕ್ಕೆ ಹರಿದು ಊಟೆಯಾಗಿ ಹೊರಬೀಳುತ್ತದೆ. ಫ್ಲೀಟ್ ನದಿ ಹುಟ್ಟುವುದು ಹಾಗೆಯೇ. ಈಗ ಆ ನದಿ ಊರ ಕೆಳಗಿನ ಕೊಳವೆಯಲ್ಲಿದೆ. ಆದ್ದರಿಂದ ಒಂದೇ ಓಟದಲ್ಲಿ ಎರಡು ನೆಲ: ಕೆನ್‌ವುಡ್ ಕಡೆ ಏರಿದಂತೆ ಕಾಲಿಗೆ ಹಗುರ, ಕೆಳಗಿಳಿದರೆ ಹಿಡಿದೆಳೆಯುವ ಜೇಡಿ. ಓಟ ಶುರುವಾಗುವ ಆ ಅಗಲವಾದ ಏರು ಇರುವುದು ಕೆಳಗೆ.

ಓಟ ಶುರುವಾಗುವ ಗೆರೆಯ ಬಳಿ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದೆ. ಅಟರ್‌ಬರ್ಗ್ ಎಂಬ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ 1911ರಲ್ಲಿ ಹೇಳಿಕೊಟ್ಟ ವಿಚಾರ ಇದು, ಪ್ರಯೋಗಾಲಯದಲ್ಲಿ ಇವತ್ತಿಗೂ ಮಾಡುತ್ತೇವೆ. ಮಣ್ಣನ್ನು 3 ಮಿ.ಮೀ. ದಪ್ಪದ ದಾರವಾಗಿ ಹೊಸೆಯಬೇಕು. ಆ ದಪ್ಪಕ್ಕೆ ಬರುವಾಗಲೇ ಪುಡಿಯಾದರೆ ಅದರಲ್ಲಿ ನೀರು ಕಡಿಮೆ, ಕಾಲಿಗೆ ಅಂಟುವುದಿಲ್ಲ. ಹೊಸೆಯಲೂ ಆಗದೆ ಬೆರಳ ಸಂದಿಯಿಂದ ಜಾರಿಹೋದರೆ ನೀರು ಅತಿ, ಅದೂ ಅಂಟಿ ನಿಲ್ಲುವುದಿಲ್ಲ. ಎರಡರ ನಡುವಿನದೇ ಕೆಟ್ಟದ್ದು. ಇವತ್ತಿನ ದಾರ ಸೇವಿಗೆ ಎಳೆಯ ಹಾಗೆ ಬಂತು, ಬಳಸಿ ಗಂಟು ಹಾಕಬಹುದಿತ್ತು.

ಪಕ್ಕದಲ್ಲಿದ್ದ ನಮ್ಮ ಕ್ಲಬ್ಬಿನ ಹಿರಿಯರು, ಎಪ್ಪತ್ತು ದಾಟಿದ ಐರಿಷ್ ಮನುಷ್ಯ, ಇದೇನು ಪೂಜೆ ಎಂಬಂತೆ ನೋಡಿದರು. ಮುಂದಿನ ಎರಡು ತೂತಿಗೆ 15, ಉಳಿದ ನಾಲ್ಕಕ್ಕೆ 12 ಹಾಕಿದೆ. ಜಿಗುಟು ಮಣ್ಣು ಅಟ್ಟೆಗೆ ಹತ್ತಿ ಹಪ್ಪಳಗಟ್ಟಿದರೆ ಚಿಕ್ಕ ಪಿನ್ನು ಅದರೊಳಗೇ ಹೂತುಹೋಗುತ್ತದೆ. ಆಮೇಲೆ ಓಡುವುದು ಮಣ್ಣಿನ ಮೇಲೆ ಮಣ್ಣು. ಆದರೆ ನಿಜವಾಗಿ ಕಾಯುವುದು ಪಿನ್ನಲ್ಲ, ಅಟ್ಟೆ. ರಬ್ಬರು ಹಲ್ಲುಗಳು ಒತ್ತೊತ್ತಾಗಿದ್ದರೆ ನಡುವೆ ಸಿಕ್ಕ ಮಣ್ಣು ಬೀಳುವುದೇ ಇಲ್ಲ. ವಿರಳವಾಗಿದ್ದರೆ ಪ್ರತಿ ಹೆಜ್ಜೆಗೂ ಒಂದಿಷ್ಟು ಉದುರುತ್ತದೆ. ಕೆಲವರು ಅಟ್ಟೆಗೆ ಅಡುಗೆ ಎಣ್ಣೆ ಸವರುತ್ತಾರೆ. ಮೊದಲ ಮೈಲಿಗೆ ಪರವಾಗಿಲ್ಲ, ಆಮೇಲೆ ಎಣ್ಣೆ ಹೀತ್‌ನ ಪಾಲು.

ಎರಡನೇ ಸುತ್ತಿಗೆ 9ರವರು ಒಬ್ಬೊಬ್ಬರಾಗಿ ಕಾಲು ಜಾಡಿಸುತ್ತ ಬದಿಗೆ ಸರಿದರು. ಐರಿಷ್ ಹಿರಿಯರು ಮಾತ್ರ ಅದೇ ನಿಧಾನ ಲಯದಲ್ಲಿ ನನ್ನ ಹಿಂದೆಯೇ ಮುಗಿಸಿದರು. ಯಾವ ಪಿನ್ನು ಎಂದೆ. ಶೂ ಎತ್ತಿ ತೋರಿಸಿದರು: 15, ಆರಕ್ಕೆ ಆರೂ. ಅಕ್ಟೋಬರಿನಲ್ಲಿ ಹಾಕಿದ್ದನ್ನು ಮಾರ್ಚಿನಲ್ಲಿ ಬಿಚ್ಚುತ್ತಾರಂತೆ.

10 ಡಿಸೆಂಬರ್, ಶನಿವಾರ

ಹೆಪ್ಪುಗಟ್ಟಿದ ಮಂಜು. ನೆಲ ಕಲ್ಲಾಗಿದೆ. ಹೋದ ವಾರದ ಕೆಸರಿನ ಹೆಜ್ಜೆಗಳೆಲ್ಲ ಹಾಗೆಯೇ ಗಟ್ಟಿಯಾಗಿ, ಒಂದೊಂದೂ ಕಣಕಾಲು ಮುರಿಯುವ ಗುಳಿ. ಇಂಥ ದಿನ ಉದ್ದ ಪಿನ್ನು ಹಾಕಿದರೆ ಎತ್ತರದ ಹಿಮ್ಮಡಿ ಮೆಟ್ಟಿನಲ್ಲಿ ಓಡಿದಂತೆಯೇ. 6ರದ್ದು ಹಾಕಿ ನಿಧಾನ ಓಡಿದೆ. ದಕ್ಷಿಣದ ಇಳಿಜಾರಿಗೆ ಮಧ್ಯಾಹ್ನದ ಬೆಳಕು ಬಿದ್ದಲ್ಲಿ ಮಾತ್ರ ಮೇಲಿನ ಒಂದು ಬೆರಳಿನಷ್ಟು ಕರಗಿ, ಅಡಿಯಲ್ಲಿ ಮಂಜುಗಡ್ಡೆ ಹಾಗೇ ಉಳಿದಿತ್ತು. ಅಲ್ಲಿ ಯಾವ ಅಳತೆಯೂ ನಿಲ್ಲಲಿಲ್ಲ.

29 ಡಿಸೆಂಬರ್, ಗುರುವಾರ, ನವಲಗುಂದದ ಹತ್ತಿರ

ಊರಿಗೆ ಬಂದಿದ್ದೇನೆ. ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ. ಬಿಳಿಜೋಳ ತೆನೆ ಕಟ್ಟಿದೆ, ಬದುವಿನಾಚೆ ಕಡಲೆ. ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಮಸಾರಿ, ಪೂರ್ವಕ್ಕೆ ಬಂದರೆ ಈ ಕಪ್ಪು ಎರೆ. ಸಾಲಿನ ನಡುವೆ ನೆಲ ಬಿರುಕು ಬಿಟ್ಟು ಕೈ ತೂರುವಷ್ಟು ಸಂದಿ. ಲಂಡನ್ನಿನ ಜೇಡಿಯಲ್ಲೂ ಈ ಎರೆಯಲ್ಲೂ ಸ್ಮೆಕ್ಟೈಟ್ ಎಂಬ ಒಂದೇ ಜಾತಿಯ ಖನಿಜ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅಲ್ಲಿ ಗೋಡೆ ಸೀಳುತ್ತದೆ, ಇಲ್ಲಿ ಮಳೆಯಿಲ್ಲದ ಚಳಿಗಾಲದಲ್ಲೂ ಒಳಗಿನ ತೇವದ ಮೇಲೆ ಜೋಳ ಬರುತ್ತದೆ.

ಮೇಲೆ ಇಷ್ಟು ಒಣಗಿದೆಯಲ್ಲ, ಬೆಳೆಗೆ ಸಾಲುತ್ತದೆಯೇ ಎಂದೆ. ಅಪ್ಪ ನಕ್ಕರು. "ಮ್ಯಾಲ ನೋಡಿ ಹೇಳಬ್ಯಾಡ ತಮ್ಮಾ. ಗೇಣು ಕೆಳಗ ಕೈ ಹಾಕು." ಹಾಕಿದೆ. ತಣ್ಣಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತಿತು. ನಾನು ಅಂಗೈಯಲ್ಲಿ ದಾರ ಹೊಸೆದು ತೋರಿಸಿದೆ, ಅವರು ಉಂಡೆಯನ್ನು ಬದುವಿನ ಮೇಲೆ ಬೀಳಿಸಿ ಹೇಗೆ ಒಡೆಯುತ್ತದೆಂದು ತೋರಿಸಿದರು. ಉತ್ತರ ಎರಡಕ್ಕೂ ಒಂದೇ. ಅವರದಕ್ಕೆ ವೇಳೆ ಕಡಿಮೆ ಸಾಕು.

ಮೊಳೆ ಬಡಿದ ಬೂಟಿನ ಕಥೆ ಅವರಿಗೆ ನಂಬಲಾಗದ್ದು. "ರಾಡಿ ಇದ್ದಾಗ ನಾವು ಕಾಲಾಗಿಂದು ತಗದು ಕೈಯಾಗ ಹಿಡಕೊಂಡು ಹೋಗತಿದ್ವಿ. ನೀವು ಅದಕ್ಕ ರೊಕ್ಕ ಕೊಟ್ಟು ಬ್ಯಾರೆ ಬೂಟು ತಗೊಂತೀರಿ." ಎರೆ ರಾಡಿಯಲ್ಲಿ ಜಾರದೆ ನಡೆಯುವುದು ಹೇಗೆ ಎಂದು ಕೇಳಿದೆ. ಹೆಬ್ಬೆರಳು ಒಳಗೆ ಊರಿ ತೋರಿಸಿದರು. ಓಡುವವನ ನೂಕು ಕೂಡ ಕೊನೆಗೆ ಹೆಬ್ಬೆರಳಿನ ಬುಡದಲ್ಲೇ ಬಂದು ನಿಲ್ಲುತ್ತದೆ. ಯಾವ ಕಂಪನಿಯ ಸ್ಪೈಕ್ಸ್ ನೋಡಿದರೂ ಒಂದು ಪಿನ್ನು ಅದರ ಕೆಳಗೆ ಇದ್ದೇ ಇರುತ್ತದೆ. ಮೊಂಡಾದಾಗ ಮೊದಲು ಬದಲಿಸಬೇಕಾದದ್ದೂ ಅದನ್ನೇ.

ಕ್ಲಬ್ಬಿನಲ್ಲಿ ಎಲ್ಲರೂ ಆಕಾಶ ನೋಡಿ ಪಿನ್ನು ಆರಿಸುತ್ತಾರೆ. ಮಳೆ ಬಂತು, 15. ಬಿಸಿಲು ಬಂತು, 9. ಗೇಣು ಕೆಳಗೆ ಯಾರೂ ಕೈ ಹಾಕುವುದಿಲ್ಲ.

14 ಜನವರಿ 2023, ಶನಿವಾರ, ಲಂಡನ್

ನಾಳೆ ಸಂಕ್ರಾಂತಿ. ಎಳ್ಳುಬೆಲ್ಲದ ಪೊಟ್ಟಣ ಬ್ಯಾಗಿನಲ್ಲಿಟ್ಟುಕೊಂಡು ಓಟಕ್ಕೆ ಹೋಗಿದ್ದೆ, ಕ್ಲಬ್ಬಿನ ಗುಡಾರದಲ್ಲಿ ಎಲ್ಲರಿಗೂ ಹಂಚಿದೆ.

ಹೊಸ ವರ್ಷದಿಂದ ಬಿಡದ ಮಳೆ. ನೆಲ ಈಗ ಜಿಗುಟಿನ ಹಂತವನ್ನೇ ದಾಟಿ ಅಂಬಲಿಯಾಗಿದೆ. ಅಟ್ಟೆಗೆ ಅಂಟುವ ಭಯವಿಲ್ಲ, ಕಾಲೆತ್ತಿದರೆ ಸುರಿದುಹೋಗುತ್ತದೆ. ಈಗಿನ ಪ್ರಶ್ನೆ ಬೇರೆ: ಅಂಬಲಿಯ ಕೆಳಗೆ ಗಟ್ಟಿ ಎಲ್ಲಿದೆ? ಓಟಕ್ಕೆ ಮೊದಲು ಒಂದು ಕಡ್ಡಿ ಊರುತ್ತ ಸುತ್ತಿದೆ. ಬಯಲಿನಲ್ಲಿ ಅರ್ಧ ಬೆರಳು ಕೆಸರು, ಅದರ ಕೆಳಗೆ ಹುಲ್ಲಿನ ಬೇರಿನ ಜಾಲ ಗಟ್ಟಿಯಾಗಿ ಹಿಡಿದಿದೆ. ಅಲ್ಲಿಗೆ 15 ಸರಿಯಾಗಿ ಮುಟ್ಟುತ್ತದೆ. ಗೇಟಿನ ಹತ್ತಿರ, ಸಾವಿರ ಕಾಲು ತುಳಿದಲ್ಲಿ, ಬೇರೇ ಇಲ್ಲ, ಕಡ್ಡಿ ಮೊಣಕೈವರೆಗೆ ಹೋಯಿತು. ಅಲ್ಲಿ 15 ಆದರೇನು, 25 ಆದರೇನು. ಸುತ್ತು ಹಾಕಿ ಅಂಚಿನ ತುಳಿಯದ ಹುಲ್ಲಿನಲ್ಲಿ ಓಡುವುದೊಂದೇ ದಾರಿ.

ಮಗಳ ಓಟದಲ್ಲಿ ಅದೇ ಗೇಟಿನ ಬಳಿ ಮುಂದಿದ್ದ ಹುಡುಗಿಯೊಬ್ಬಳ ಶೂ ಕೆಸರಿನಲ್ಲೇ ಉಳಿಯಿತು. ಅವಳು ನಿಲ್ಲದೆ ಒಂದು ಕಾಲಿನ ಚೀಲದಲ್ಲೇ ಓಡಿ ಮುಗಿಸಿದಳು. ಮನೆಗೆ ಬರುವಾಗ ಮಗಳಿಗೆ ಬೆಕೆಲೆಯ ಕಥೆ ಹೇಳಿದೆ. 2008ರಲ್ಲಿ ಎಡಿನ್‌ಬರೋದಲ್ಲಿ ವಿಶ್ವ ಗುಡ್ಡಗಾಡು ಓಟ. ಗುಂಪಿನಲ್ಲಿ ಯಾರೋ ತುಳಿದು ಕೆನೆನಿಸಾ ಬೆಕೆಲೆಯ ಶೂ ಹಿಮ್ಮಡಿಯಿಂದ ಕಳಚಿತು. ಅವನು ನಿಂತು ಅದನ್ನು ಸರಿಯಾಗಿ ಹಾಕಿಕೊಂಡು, ಹಿಂದಿನಿಂದ ಎಲ್ಲರನ್ನೂ ಹಿಡಿದು, ಗೆದ್ದ. "ಹಂಗಾದ್ರ ನಿಲ್ಲಬೇಕೋ ಓಡಬೇಕೋ, ಅಪ್ಪಾ?" ಬೆಕೆಲೆಯಾಗಿದ್ದರೆ ನಿಲ್ಲಬಹುದು. ಉಳಿದವರು ಲೇಸಿಗೆ ಎರಡು ಗಂಟು ಹಾಕಿ, ತುದಿಯನ್ನು ಒಳಗೆ ತುರುಕಿ, ಮೇಲೆ ಒಂದು ಸುತ್ತು ಟೇಪು ಸುತ್ತಿಕೊಳ್ಳುವುದು ಒಳ್ಳೆಯದು.

15 ಜನವರಿ, ಭಾನುವಾರ

ಹಬ್ಬದ ಅಡುಗೆ ಆಗುವವರೆಗೆ ಹಿತ್ತಿಲಿನಲ್ಲಿ ಶೂ ತೊಳೆದೆ. ಪಿನ್ನುಗಳನ್ನು ಅವತ್ತೇ ಬಿಚ್ಚದಿದ್ದರೆ ತುಕ್ಕು ಹಿಡಿದು ತಿರುಪು ಕಚ್ಚಿಕೊಳ್ಳುತ್ತದೆ, ಆಮೇಲೆ ಇಕ್ಕಳ ಹಿಡಿದು ಒದ್ದಾಡಬೇಕು. ತಿರುಪಿಗೆ ಒಂದಿಷ್ಟು ವ್ಯಾಸಲೀನು, ಶೂ ಒಳಗೆ ಹಳೇ ಪೇಪರು, ಬಿಸಿಗೆ ದೂರ. ಹೀಟರಿನ ಮೇಲಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಹೋಳಿಗೆ ಆಯಿತೆಂದು ಕೂಗಿದರು.

18 ಫೆಬ್ರವರಿ, ಶನಿವಾರ

ನಸುಕಿಗೇ ಎದ್ದು ಮಗಳೂ ನಾನೂ ಆಸ್ಟ್ರೇಲಿಯಾದ ಬ್ಯಾಥರ್ಸ್ಟಿನ ವಿಶ್ವ ಗುಡ್ಡಗಾಡು ಓಟ ನೋಡಿದೆವು. ಮೌಂಟ್ ಪನೋರಮಾ ಎಂಬ ಮೋಟಾರು ರೇಸಿನ ಬೆಟ್ಟದ ಮೇಲೆ ಓಟ. ಉರಿಬಿಸಿಲು, ಕಡಿದಾದ ಒಣ ಹುಲ್ಲಿನ ಏರು, ದ್ರಾಕ್ಷಿತೋಟದ ಸಾಲು, ಬೇಕೆಂದೇ ಮಾಡಿದ ಕೆಸರು ಗುಂಡಿ, ಮರಳು, ದಾರಿಯಲ್ಲಿ ಟೈರು. ಹೆಂಗಸರ ಓಟದಲ್ಲಿ ಮುಂದಿದ್ದ ಇಥಿಯೋಪಿಯಾದ ಗಿಡೆ ಕೊನೆಯ ಕೆಲವೇ ಮೀಟರಿನಲ್ಲಿ ಕುಸಿದು ಬಿದ್ದಳು, ಕೆನ್ಯಾದ ಬಿಯಾಟ್ರಿಸ್ ಚೆಬೆಟ್ ದಾಟಿ ಗೆದ್ದಳು. ಆಮೇಲೆ ಗುಡುಗು ಮಳೆ ಬಂತು. ಗಂಡಸರಲ್ಲಿ ಉಗಾಂಡದ ಕಿಪ್ಲಿಮೊ.

ಅಲ್ಲಿಗೆ ಯಾವ ಪಿನ್ನು ಹಾಕುತ್ತಿದ್ದೆ ಎಂದು ಮಗಳನ್ನು ಕೇಳಿದೆ. ಯೋಚಿಸಿ 9 ಅಂದಳು. ಕೆಸರು ಗುಂಡಿ ನೋಡಲಿಲ್ಲವೇ ಎಂದೆ. "ಗುಂಡಿ ಎಷ್ಟು ಉದ್ದ ಇತ್ತು? ನಾಕು ಹೆಜ್ಜಿ. ಉಳಿದದ್ದೆಲ್ಲ ಗಟ್ಟಿ ನೆಲ." ನಾನು 12ರ ಪರ ವಾದಿಸಿದೆ. ಅಷ್ಟು ಕಡಿದಾದ ಇಳುಕಲಿನಲ್ಲಿ ಮಳೆ ಬಿದ್ದ ಮೇಲೆ ಏನು ಮಾಡುತ್ತೀ? ಅವಳ ಓಟಕ್ಕೆ ಮಳೆ ಬರಲಿಲ್ಲವಂತೆ, ಕಿರಿಯರ ಓಟ ಮೊದಲೇ ಮುಗಿಯುತ್ತದಂತೆ.

ಮಧ್ಯಾಹ್ನ ಅವಳಿಗೆ ಪಾರ್ಕಿನಲ್ಲಿ ಅಭ್ಯಾಸ ಇತ್ತು. ಫೆಬ್ರವರಿಯಲ್ಲಿ ಮಳೆಯೇ ಇಲ್ಲ, ಹುಲ್ಲು ಸ್ವಲ್ಪ ತೇವ. ಅವಳು ಬಗ್ಗಿ ಹುಲ್ಲಿನ ಬುಡದಲ್ಲಿ ಬೆರಳು ಊರಿ ನೋಡಿದಳು, ಮಣ್ಣು ಹೊಸೆಯಲಿಲ್ಲ. 9ರದ್ದೇ ಹಾಕಿಕೊಂಡಳು. ನಾನು 12. ಮೊದಲ ಸುತ್ತಿನಲ್ಲಿ ಜೊತೆಗಿದ್ದೆವು, ಮೂರನೆಯದರಲ್ಲಿ ಅವಳು ಗುಡ್ಡದ ಆಚೆ ಇದ್ದಳು. ಅದಕ್ಕೂ ಪಿನ್ನಿಗೂ ಸಂಬಂಧವಿಲ್ಲ, ಅವಳಿಗೆ ಹದಿಮೂರು ವರ್ಷ.